ಹೊಳೆಯಾಚೆಯವರ ಶಿಲುಬೆ

ಅಂಗಿಯ ಮೇಲುಗುಂಡಿ ಕಿತ್ತುಹೋದದ್ದೇ ಎಲ್ಲದಕ್ಕೂ ಕಾರಣ. ಅದಾದರೂ ಮರ್ಯಾದೆಯಿಂದ ಹೋಯಿತೇ ಎಂದರೆ ಅದೂ ಇಲ್ಲ. ಟಪ್ಪೆಂದು ಹಾರಿ, ಚಿನ್ನದಂಗಡಿಯ ಯಜಮಾನರ ಟೀ ಲೋಟಕ್ಕೆ ಬಿದ್ದು ತಳ ಸೇರಿತು. ಯಜಮಾನರು ಮೊದಲು ಲೋಟವನ್ನು ನೋಡಿದರು, ಆಮೇಲೆ ಗುಂಡಿಯ ಒಡೆಯನನ್ನು ನೋಡಿದರು.

"ಮೂವತ್ತು ವರ್ಷದಿಂದ ಊರವರ ಸರಕ್ಕೆಲ್ಲ ಕೊಂಡಿ ಹಾಕ್ತೀಯ. ನಿನ್ನ ಅಂಗಿಗೊಂದು ಗುಂಡಿ ಗಟ್ಟಿಯಾಗಿ ಹಾಕಿಕೊಳ್ಳೋಕೆ ಆಗಲ್ವೇನಯ್ಯ?"

"ಮನೇಲಿ ಯಾರಾದ್ರೂ ಇದ್ದಿದ್ರೆ ಹಾಕ್ಕೊಡ್ತಿದ್ರು," ಎಂದಳು ಕೌಂಟರಿನ ಅಕ್ಕ. ಅವನಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳಾದರೂ ಅಂಗಡಿಗೆಲ್ಲ ಅವಳು ಅಕ್ಕ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎನ್ನುವುದನ್ನು ದಿನಕ್ಕೊಮ್ಮೆ ಗಟ್ಟಿಯಾಗಿ ಹೇಳದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ.

ಸರದ ಕೊಂಡಿ ಸರಿಮಾಡುವುದೇ ಅವನ ಕೆಲಸವಾದ್ದರಿಂದ ಎಲ್ಲರೂ ಅವನನ್ನು ಕೊಂಡಿ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಅಂಗಡಿಯ ಹಿಂಭಾಗದಲ್ಲಿ, ಬೀರುವಿಗಿಂತ ತುಸು ದೊಡ್ಡದು, ಕೋಣೆಗಿಂತ ತುಸು ಚಿಕ್ಕದು ಎನ್ನಬಹುದಾದ ಜಾಗದಲ್ಲಿ ಅವನ ಮೇಜು. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಭೂತಗನ್ನಡಿಯಲ್ಲಿ ಕಣ್ಣು ನೆಟ್ಟು ಕೂತರೆ, ಅವನ ಜೊತೆ ಮಾತಾಡುವುದು ಬೆಸುಗೆಯ ಬುಸುಗುಡುವ ಉರಿ ಒಂದೇ.

ಆ ಊರಲ್ಲಿ ಕೊರಳಿಗೆ ಚಿನ್ನದ ಶಿಲುಬೆ ಹಾಕಿಕೊಳ್ಳುವವರೇ ಹೆಚ್ಚು. ಹಾಗೆಂದು ಎಲ್ಲ ಶಿಲುಬೆಯೂ ಒಂದೇ ಎಂದುಕೊಂಡರೆ ಕೆಟ್ಟಿರಿ. ಗುಡ್ಡದ ಕಡೆಯವರದಕ್ಕೆ ನಾಲ್ಕು ತುದಿಯಲ್ಲೂ ಎಲೆ. ಕಡಲಂಚಿನವರದಕ್ಕೆ ಸುತ್ತಲೂ ಹಗ್ಗದ ಹೆಣಿಗೆ. ಬಯಲಿನವರದಕ್ಕೆ ಅಗಲವಾದ ತೋಳು, ನಟ್ಟನಡುವೆ ಒಂದು ಹೂವು. ಹೊಳೆಯಾಚೆಯವರದಕ್ಕೆ ತುದಿಗೊಂದು ಗುಂಡು, ಮೈಮೇಲೆ ಅಲೆಯಂತೆ ಮೂರು ಗೆರೆ. ಈ ಹೊಳೆಯಾಚೆಯವರು ಹೊಳೆ ದಾಟಿ ಈಚೆಗೆ ಬಂದು ಮೂರು ತಲೆಮಾರಾಗಿತ್ತು, ಆದರೂ ಅವರು ಹೊಳೆಯಾಚೆಯವರೇ. ಅಲ್ಲಿನ ಜನ ಯಾರನ್ನೇ ಕಂಡರೂ ಮೊದಲು ಕೊರಳು ನೋಡಿ, ಆಮೇಲೆ ಮುಖ ನೋಡುತ್ತಿದ್ದರು.

ಕೊಂಡಿಯ ಕೊರಳಲ್ಲಿ ಮಾತ್ರ ಏನೂ ಇರಲಿಲ್ಲ. ಅವನು ಬೆಳೆದದ್ದು ಅನಾಥಾಲಯದಲ್ಲಿ. ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ತರಹದ ತಗಡಿನ ಸಾದಾ ಶಿಲುಬೆ. ಹದಿನೆಂಟು ತುಂಬಿ ಹೊರಬರುವಾಗ ಅದನ್ನೂ ವಾಪಸು ಇಸಿದುಕೊಂಡರು, ಮುಂದಿನ ಮಗುವಿಗೆ ಬೇಕಿತ್ತಂತೆ. ಮನಸ್ಸು ಮಾಡಿದ್ದರೆ ತಾನೇ ಒಂದು ಮಾಡಿ ಹಾಕಿಕೊಳ್ಳಬಹುದಿತ್ತು. ಆದರೆ ಯಾರ ಕಡೆಯದನ್ನು ಮಾಡಿಕೊಳ್ಳುವುದು? ಊರಿನ ಬಹುತೇಕ ಸೀಮೆಯವರ ಗುರುತು ಅವನ ಅಂಗೈ ಮೇಲೆ ಹಾದುಹೋಗುತ್ತಿತ್ತು, ಒಂದೂ ಅವನದಾಗಿರಲಿಲ್ಲ. ಯಾರಾದರೂ ಒಬ್ಬರು ತನ್ನನ್ನು ನೋಡಿ 'ಇವನು ನಮ್ಮವನು' ಎನ್ನಬೇಕು ಎಂಬುದೊಂದೇ ಅವನಿಗಿದ್ದ ಆಸೆ. ಐವತ್ತೆರಡು ವರ್ಷವಾದರೂ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಲು ಯಾರೂ ಇರಲಿಲ್ಲ.

ಇನ್ನು ಅವನ ಕೆಲಸದ ರೀತಿಯೊಂದನ್ನು ಹೇಳಬೇಕು. ಕೊಂಡಿ ಸರಿಮಾಡಿದ ಮೇಲೆ ಅವನು ಸರವನ್ನು ತನ್ನ ಕೊರಳಿಗೇ ಹಾಕಿಕೊಂಡು ಅರ್ಧ ಗಂಟೆ ಇರುತ್ತಿದ್ದ. ಬಗ್ಗುತ್ತಿದ್ದ, ಏಳುತ್ತಿದ್ದ, ಕತ್ತು ತಿರುಗಿಸುತ್ತಿದ್ದ. ಮೇಜಿನ ಮೇಲೆ ನಿಲ್ಲುವ ಕೊಂಡಿ ಕೊರಳಲ್ಲಿ ನಿಲ್ಲುತ್ತದೆಂದು ಏನು ನಂಬಿಕೆ ಎಂಬುದು ಅವನ ವಾದ. ಆ ಶನಿವಾರ ಅವನ ಕೈಗೆ ಬಂದದ್ದು ಹಲ್ಲಿನ ಡಾಕ್ಟರಮ್ಮನ ಸರ, ಅದರಲ್ಲಿ ಹೊಳೆಯಾಚೆಯವರ ಶಿಲುಬೆ. ಆ ಜನಕ್ಕೆ ಅವರದೇ ಒಬ್ಬ ಅಕ್ಕಸಾಲಿಗನಿದ್ದ, ಹೋದ ವರ್ಷ ತೀರಿಕೊಂಡ. ಹಾಗಾಗಿ ಮೂವತ್ತು ವರ್ಷದಲ್ಲಿ ಅವರ ಶಿಲುಬೆಯೊಂದು ಕೊಂಡಿಯ ಮೇಜಿಗೆ ಬಂದದ್ದು ಅದೇ ಮೊದಲು. ಡಾಕ್ಟರಮ್ಮ ಐದು ಗಂಟೆಗೆ ಬಂದು ತೆಗೆದುಕೊಂಡು ಹೋಗುವವಳಿದ್ದಳು.

ಕೊಂಡಿ ಅದನ್ನು ಕೊರಳಿಗೆ ಹಾಕಿಕೊಂಡಿದ್ದ, ಅಷ್ಟರಲ್ಲಿ ಗುಂಡಿ ಹಾರಿತು. "ಎದೆ ಬಿಟ್ಕೊಂಡು ಗಿರಾಕಿಗಳ ಮುಂದೆ ಓಡಾಡಬೇಡ. ಹೋಗು, ಮೊದಲು ಗುಂಡಿ ಹಾಕಿಸ್ಕೊಂಡು ಬಾ," ಎಂದರು ಯಜಮಾನರು. ಯಜಮಾನರ ಮಾತಿಗೆ ಎದ್ದವನು ಕೊರಳಲ್ಲಿರುವುದನ್ನು ಮರೆತೇಬಿಟ್ಟ.

ಅದೇ ಬೀದಿಯಲ್ಲಿ ನಾಲ್ಕು ಅಂಗಡಿ ದಾಟಿದರೆ ದಾರದಂಗಡಿ. ಅಲ್ಲೊಬ್ಬ ಅಜ್ಜಿ ಗುಂಡಿ, ದಾರ, ಸೂಜಿ, ಲೇಸು ಮಾರುತ್ತಿದ್ದಳು. ಕೊಂಡಿ ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದ. ಅಜ್ಜಿ ಒಂದು ದಿನವೂ ತಲೆ ಎತ್ತಿ ನೋಡಿದವಳಲ್ಲ, ಬರಿಗೊರಳಿನವನನ್ನು ನೋಡುವುದಾದರೂ ಏನು?

"ಬಿಳಿ ಗುಂಡಿ ಒಂದು ಬೇಕಿತ್ತು. ನಾಲ್ಕು ತೂತಿಂದು."

ಅಜ್ಜಿ ಡಬ್ಬಿ ತೆಗೆದಳು, ತಲೆ ಎತ್ತಿದಳು, ಅವನ ತೆರೆದ ಕಾಲರಿನೊಳಗೆ ನೋಡಿದಳು, ಡಬ್ಬಿಯನ್ನು ಹಾಗೇ ಕೆಳಗಿಟ್ಟಳು.

"ನೀವು ನಮ್ಮವರಾ?"

ಕೊಂಡಿ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಕೈ ಕೊರಳಿಗೆ ಹೋಯಿತು, ಡಾಕ್ಟರಮ್ಮನ ಶಿಲುಬೆ ಸಿಕ್ಕಿತು.

"ಅಲ್ಲ ಅಜ್ಜಿ, ಇದು..."

"ಅಲ್ಲವಂತೆ. ಕೊರಳಲ್ಲಿ ಇಟ್ಕೊಂಡು ಅಲ್ಲ ಅಂತಾನೆ ನೋಡು. ಎಷ್ಟು ವರ್ಷದಿಂದ ಈ ಬೀದೀಲಿ ಓಡಾಡ್ತಿದ್ದೀಯ? ಒಂದು ದಿನ ಬಂದು ಅಜ್ಜಿ ಹೇಗಿದ್ದೀಯ ಅಂತ ಕೇಳಿದ್ದೀಯಾ? ಕೂತ್ಕೋ ಇಲ್ಲಿ."

ನೀವು ಎನ್ನುವುದು ಒಂದು ವಾಕ್ಯಕ್ಕೇ ಮುಗಿದಿತ್ತು. ಅಜ್ಜಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಸೂಜಿಗೆ ದಾರ ಪೋಣಿಸಿ, ಅಂಗಿ ಮೈಮೇಲಿದ್ದಂತೆಯೇ ಗುಂಡಿ ಹೊಲಿಯತೊಡಗಿದಳು. ಕೊಂಡಿ ಬಾಯಿ ತೆರೆದ.

"ಮಾತಾಡಬೇಡ. ಗಂಟಲಿಗೆ ಚುಚ್ಚುತ್ತೆ," ಎಂದಳು ಅಜ್ಜಿ.

ಗಂಟಲ ಬಳಿ ಸೂಜಿ ಇರುವಾಗ ಸತ್ಯ ಹೇಳುವ ಧೈರ್ಯ ಎಂಥವನಿಗೂ ಬರುವುದಿಲ್ಲ. ಆದರೆ ಕೊಂಡಿಯ ಬಾಯಿ ಕಟ್ಟಿದ್ದು ಸೂಜಿಯೊಂದೇ ಎಂದರೆ ಸುಳ್ಳಾಗುತ್ತದೆ. ಅಜ್ಜಿಯ ಬೆರಳು ಅವನ ಕಾಲರನ್ನು ಎಳೆದು ಸರಿಮಾಡುತ್ತಿತ್ತು. ಅವಳ ಬೆಚ್ಚಗಿನ ಉಸಿರು ಗದ್ದಕ್ಕೆ ತಾಗುತ್ತಿತ್ತು. ಹಲ್ಲಿನಿಂದ ದಾರ ಕಡಿಯಲು ಅವಳು ಬಗ್ಗಿದಾಗ, ನೆರೆತ ತಲೆ ಅವನ ಎದೆಗೆ ಒಂದು ಗಳಿಗೆ ಒರಗಿತು. ತನ್ನನ್ನು ಯಾರಾದರೂ ಹೀಗೆ ಮುಟ್ಟಿ ಎಷ್ಟು ವರ್ಷವಾಯಿತೆಂದು ಕೊಂಡಿ ನೆನಪು ಮಾಡಿಕೊಳ್ಳಲು ಹೊರಟ, ಯಾವ ವರ್ಷವೂ ನೆನಪಿಗೆ ಬರಲಿಲ್ಲ. ಹೇಳುತ್ತೇನೆ, ಇನ್ನೊಂದು ನಿಮಿಷ ಬಿಟ್ಟು ಹೇಳುತ್ತೇನೆ ಎಂದುಕೊಂಡ.

ಆ ನಿಮಿಷ ಮುಗಿಯುವುದರೊಳಗೆ ಅಜ್ಜಿ ಅಂಗಡಿಯ ಹಿಂಬಾಗಿಲಿಗೆ ಮುಖ ಮಾಡಿ ಕೂಗಿದಳು. "ಅಣ್ಣಾ, ಬಾ ಇಲ್ಲಿ. ನಮ್ಮವನೊಬ್ಬ ಸಿಕ್ಕಿದಾನೆ."

ಒಳಗಿನಿಂದ ಪೇಪರು ಮಡಚುತ್ತ ಬಂದವರು ಅಜ್ಜಿಯ ಅಣ್ಣ, ನಿವೃತ್ತ ಮೇಷ್ಟ್ರು. ಹೊಳೆಯಾಚೆಯವರ ಅಷ್ಟೂ ಮನೆಯ ವಂಶಾವಳಿ ಅವರಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ, ಮೊದಲು ಕೊರಳು ನೋಡಿ, ಆಮೇಲೆ ಮುಖ ನೋಡಿದರು.

"ಯಾವ ಮನೆ?"

"ಲಾಂಡ್ರಿ ಮೇಲೆ, ಮೂರನೇ ಮಹಡಿ ಸಾರ್."

"ಅದಲ್ಲಪ್ಪ. ಆಚೆ ಯಾವ ಮನೆ ನಿಮ್ಮದು?"

"ಗೊತ್ತಿಲ್ಲ ಸಾರ್."

"ತಂದೆ?"

"ಗೊತ್ತಿಲ್ಲ."

"ಅಜ್ಜ?"

"ಯಾರೂ ಹೇಳಿಲ್ಲ ಸಾರ್."

ಮೇಷ್ಟ್ರು ತಂಗಿಯ ಮುಖ ನೋಡಿದರು. ತಂಗಿ ಅಣ್ಣನ ಮುಖ ನೋಡಿದಳು.

"ಮೂಲೆಮನೆ," ಎಂದಳು ಅಜ್ಜಿ ಪಿಸುಮಾತಿನಲ್ಲಿ.

"ಇನ್ಯಾರು. ಮೂಲೆಮನೆಯವರೇ ಹೀಗೆ, ಏನು ಕೇಳಿದರೂ ಬಾಯಿಬಿಡಲ್ಲ," ಎಂದರು ಮೇಷ್ಟ್ರು. ಅವರ ಮುಖ ಬಿಗಿಯಿತು. "ಇವರಜ್ಜ ನಮ್ಮಜ್ಜನ ದೋಣಿ ಹಗ್ಗ ಬಿಚ್ಚಿ ಹೊಳೆಗೆ ಬಿಟ್ಟವನು. ಕೇಳಿದರೆ ಗಾಳಿ ಬಿಚ್ಚಿತು ಅಂದನಂತೆ."

"ಸಾರ್, ನಾನು ಅನಾಥಾಲಯದಲ್ಲಿ ಬೆಳೆದವನು," ಎಂದ ಕೊಂಡಿ.

"ನೋಡಿದ್ಯಾ? ಮಗೂನ ಅಲ್ಲಿ ಬಿಟ್ಟು ಹೋಗೋಕೂ ಹೇಸದ ಮನೆ ಅದು," ಎಂದರು ಮೇಷ್ಟ್ರು.

ಕೊಂಡಿ ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೆ ಹೇಳಿದ ಒಂದೊಂದು ನಿಜವೂ ಅವನನ್ನು ಮೂಲೆಮನೆಯೊಳಕ್ಕೆ ಒಂದೊಂದು ಹೆಜ್ಜೆ ದಬ್ಬುತ್ತಿತ್ತು. ಬೆಳಿಗ್ಗೆ ಯಾರೂ ಇಲ್ಲದವನಾಗಿ ಎದ್ದವನಿಗೆ ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಪ್ಪ, ದೋಣಿ ಬಿಚ್ಚಿದ ಒಬ್ಬ ಅಜ್ಜ, ಒಂದು ಹಳೇ ಜಗಳ ಎಲ್ಲವೂ ಸಿಕ್ಕಿದ್ದವು. ಜಗಳವಾದರೂ ಸರಿ, ತನ್ನದೆಂದು ಒಂದಿದೆಯಲ್ಲ ಎಂದು ಅವನಿಗೆ ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗಿಗೆ ನಾಚಿಕೆಯೂ ಆಯಿತು.

ಮೇಷ್ಟ್ರು ಅವನ ಹೆಸರು ಕೇಳಿ ತಿಳಿದುಕೊಂಡು, ಹೆಗಲ ಮೇಲೆ ಕೈಯಿಟ್ಟರು. "ಮೂಲೆಮನೆಯವರ ಜೊತೆ ನಮ್ಮ ಮನೆಯವರು ಮಾತು ಬಿಟ್ಟು ಮೂರು ತಲೆಮಾರಾಯ್ತು. ಇವತ್ತಿಗೆ ಸಾಕು. ನಾನು ಕ್ಷಮಿಸಿದೀನಿ. ಸಂಜೆ ಆರಕ್ಕೆ ಅಂಚೆ ಕಚೇರಿ ಮೇಲಿನ ಹಾಲಿಗೆ ಬಾ. ತಿಂಗಳ ಕೊನೇ ಶನಿವಾರ ನಮ್ಮವರೆಲ್ಲ ಸೇರ್ತೀವಿ. ಎಲ್ಲರ ಮುಂದೆ ಹೇಳ್ತೀನಿ."

"ಶಿಲುಬೆ ಕಾಣೋ ಹಾಗೆ ಹಾಕ್ಕೊಂಡು ಬಾ. ಈ ಗುಂಡಿ ಬಿಚ್ಚಿರು," ಎಂದಳು ಅಜ್ಜಿ, ಈಗಷ್ಟೇ ಹೊಲಿದ ಗುಂಡಿಯನ್ನು ತೋರಿಸಿ.

ಅಂಗಡಿಗೆ ವಾಪಸು ಬಂದು ಮೇಜಿನ ಮುಂದೆ ಕೂತಾಗ ಗಂಟೆ ಎರಡಾಗಿತ್ತು. ಕೊಂಡಿ ಸರವನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಐದಕ್ಕೆ ಡಾಕ್ಟರಮ್ಮ ಬರುತ್ತಾಳೆ, ಶಿಲುಬೆ ಹೋಗುತ್ತದೆ, ಅದರ ಹಿಂದೆಯೇ ಅಜ್ಜಿ, ಮೇಷ್ಟ್ರು, ಮೂಲೆಮನೆ ಎಲ್ಲ ಹೋಗುತ್ತವೆ. ಆರು ಗಂಟೆಗೆ ಎಂದಿನಂತೆ ಲಾಂಡ್ರಿಯ ಮೆಟ್ಟಿಲು ಹತ್ತಿ, ಒಂದು ತಟ್ಟೆ ತೊಳೆದು, ಗೋಡೆ ನೋಡುತ್ತ ಉಂಡು, ಅದೇ ತಟ್ಟೆ ಮತ್ತೆ ತೊಳೆಯಬೇಕು. ನಾಳೆ ಬೇಕಾದರೆ ಹೋಗಿ ನಿಜ ಹೇಳಿದರಾಯಿತು, ಇವತ್ತೊಂದು ಸಂಜೆ ನಮ್ಮವನಾಗಿ ಕೂತು ಬರುತ್ತೇನೆ ಎಂದು ನಿರ್ಧಾರ ಮಾಡಿದ. ಡಬ್ಬಿಯಿಂದ ಹಿತ್ತಾಳೆ ತಗಡಿನ ಚೂರೊಂದನ್ನು ಹುಡುಕಿ ತೆಗೆದ.

ಕೈಕೆಲಸದಲ್ಲಿ ಕೊಂಡಿಯನ್ನು ಮೀರಿಸುವವರಿರಲಿಲ್ಲ. ಸಣ್ಣ ಗರಗಸದಲ್ಲಿ ಕೊರೆದ, ಅರದಲ್ಲಿ ಉಜ್ಜಿದ, ಮೂರು ಅಲೆಗೆರೆ ಎಳೆದ, ತುದಿಗಳಿಗೆ ಗುಂಡು ಬೆಸೆದ. ಕೌಂಟರಿನ ಅಕ್ಕ ಬಾಗಿಲಲ್ಲಿ ಇಣುಕಿದಳು.

"ಯಾರಿಗೆ ಮಾಮ ಅದು?"

"ಸ್ಯಾಂಪಲ್."

"ಸ್ಯಾಂಪಲ್ ಮಾಡೋವಾಗ ಯಾರಾದ್ರೂ ಇಷ್ಟು ನಗ್ತಾರಾ?"

ಕೊಂಡಿ ಮುಖ ಮುಟ್ಟಿ ನೋಡಿಕೊಂಡ. ನಗುತ್ತಿದ್ದದ್ದು ನಿಜವೇ ಆಗಿತ್ತು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ಹೋಲಿಸಿದಾಗ ಅವನಿಗೊಂದು ಸಂಗತಿ ಕಂಡಿತು. ಡಾಕ್ಟರಮ್ಮನ ಶಿಲುಬೆಯ ಎಡತೋಳು ಬಲತೋಳಿಗಿಂತ ಅಕ್ಕಿಕಾಳಿನ ಅರ್ಧದಷ್ಟು ಗಿಡ್ಡ. ಅಳೆದ. ಗಿಡ್ಡವೇ. ಕೊಂಡಿಗೆ ಸತ್ತ ಅಕ್ಕಸಾಲಿಗನ ಮೇಲೆ ಸಿಟ್ಟು ಬಂತು. ಚಿನ್ನ ಹಿಡಿದು ಕೆಲಸ ಮಾಡುವವನು ತೋಳು ಸಮ ಇದೆಯೋ ಇಲ್ಲವೋ ನೋಡುವುದು ಬೇಡವೇ? ಗಿರಾಕಿಯ ಒಡವೆಗೆ ಕೇಳದೆ ಕೈಹಚ್ಚುವುದು ತಪ್ಪು, ಅದನ್ನು ಹಾಗೇ ಬಿಟ್ಟ. ಆದರೆ ತನ್ನದನ್ನು ಗಿಡ್ಡ ಮಾಡಲು ಮೂವತ್ತು ವರ್ಷದ ಕೈ ಒಪ್ಪಲೇ ಇಲ್ಲ. ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ಎರಡು ತೋಳನ್ನೂ ಸಮ ಮಾಡಿ, ಚಿನ್ನದ ಗಿಲೀಟು ಕೊಟ್ಟು, ಮೆರುಗು ಹಾಕಿ, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ತನ್ನ ಹಳೇ ಗಿಲೀಟಿನ ಸರಕ್ಕೆ ಪೋಣಿಸಿದ. ಇಷ್ಟು ಚೆಂದದ ಹೊಳೆಯಾಚೆ ಶಿಲುಬೆ ಹೊಳೆಯ ಆಚೆಗೂ ಇಲ್ಲ, ಈಚೆಗೂ ಇಲ್ಲ ಎಂದುಕೊಂಡ.

ಐದಕ್ಕೆ ಡಾಕ್ಟರಮ್ಮ ಬಂದಳು. ಸರ ಹಾಕಿಕೊಂಡು, ಕತ್ತನ್ನು ಅತ್ತಿತ್ತ ಆಡಿಸಿ, "ಗಟ್ಟಿಯಾಗಿದೆ, ಥ್ಯಾಂಕ್ಸ್," ಎಂದು ಹೊರಟಳು. ಕೊಂಡಿ ಅಲ್ಲಿಯವರೆಗೆ ಕೊರಳಲ್ಲಿದ್ದ ತನ್ನ ಶಿಲುಬೆ ಕಾಣದಂತೆ ಮೇಲುಗುಂಡಿ ಹಾಕಿಕೊಂಡು ನಿಂತಿದ್ದ.

ಆರು ಗಂಟೆಗೆ ಅಂಚೆ ಕಚೇರಿಯ ಪಕ್ಕದ ಮೆಟ್ಟಿಲು ಹತ್ತುವಾಗ ಮೇಲಿನಿಂದ ನಗು, ಮಾತು, ಕುರ್ಚಿ ಎಳೆದಾಡುವ ಸದ್ದು ಕೇಳುತ್ತಿತ್ತು. ಕೊಂಡಿ ಬಾಗಿಲ ಹೊರಗೆ ನಿಂತು ತಲೆ ಬಾಚಿಕೊಂಡ, ಗುಂಡಿ ಬಿಚ್ಚಿದ, ಶಿಲುಬೆಯನ್ನು ಎದೆಯ ನಡುವಿಗೆ ತಂದು ಕೂರಿಸಿದ. ಒಳಗೆ ಹೋಗುವಾಗ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ್ದ. ಚೆನ್ನಾಗಿದ್ದೀರಾ ಎನ್ನುವುದು. ಅವರು ಚೆನ್ನಾಗಿದ್ದೇವೆ ಅನ್ನುತ್ತಾರೆ. ಆಮೇಲೆ ಮಾತು ತಾನಾಗಿಯೇ ಹೋಗುತ್ತದೆ.

ಬಾಗಿಲಲ್ಲಿ ಅವನನ್ನು ಕಂಡ ಅಜ್ಜಿ ಎರಡೂ ಕೈ ಚಾಚಿಕೊಂಡು ಓಡೋಡಿ ಬಂದಳು. "ಬಂದ್ಯಾ ಮಗನೇ, ಎಷ್ಟೊತ್ತಿಂದ..." ಎಂದವಳು ಎರಡು ಹೆಜ್ಜೆ ಇರುವಾಗ ಅವನ ಕೊರಳು ನೋಡಿದಳು. ಚಾಚಿದ ಕೈ ಹಾಗೇ ನಿಂತು ಮೆಲ್ಲಗೆ ಕೆಳಗಿಳಿಯಿತು. ತಲೆ ತಗ್ಗಿಸಿ, ಹಿಂಹಿಂದಕ್ಕೇ ನಡೆದು ಗೋಡೆ ಸೇರಿದಳು. ಅವಳನ್ನು ನೋಡಿ ಪಕ್ಕದವರು ಅವನ ಕೊರಳು ನೋಡಿದರು. ಅವರನ್ನು ನೋಡಿ ಅವರ ಪಕ್ಕದವರು. ಒಂದು ನಿಮಿಷದಲ್ಲಿ ಹಾಲಿಗೆ ಹಾಲೇ ಗಪ್‌ಚಿಪ್ಪಾಯಿತು.

ಸಿಕ್ಕಿಬಿದ್ದೆ ಎಂದುಕೊಂಡ ಕೊಂಡಿ. ಹಿತ್ತಾಳೆ ಎಂದು ಇಷ್ಟು ದೂರದಿಂದಲೇ ಹೇಗೆ ಗೊತ್ತಾಯಿತು?

ಮೇಷ್ಟ್ರು ಎದ್ದರು. ಅವರ ಕಣ್ಣಲ್ಲಿ ನೀರಿತ್ತು. ಹಾಲಿನಲ್ಲಿದ್ದ ಒಂದೇ ಒಂದು ತೋಳುಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಕಿಟಕಿಯ ಬಳಿ, ಎಲ್ಲರಿಂದ ದೂರದಲ್ಲಿ, ಗೋಡೆಗೆ ಮುಖವಾಗಿ ಇಟ್ಟರು. ಕೈ ಮುಗಿದು ಹಿಂದೆ ಸರಿದರು. ಬೇರೆ ದಾರಿ ಕಾಣದೆ ಕೊಂಡಿ ಹೋಗಿ ಅದರಲ್ಲಿ ಕೂತ. ಯಾರೋ ಹಿಂದಿನಿಂದ ಬಂದು, ಒಂದು ತಟ್ಟೆ ತಿಂಡಿ, ಒಂದು ಲೋಟ ಟೀ ಪಕ್ಕದ ಸ್ಟೂಲಿನ ಮೇಲಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಹೋದರು.

ಅವನಿಗೆ ತಡೆಯಲಾಗಲಿಲ್ಲ. ಎದ್ದು ತಿರುಗಿ, "ನೋಡಿ, ನಾನೊಂದು ಮಾತು ಹೇಳಬೇಕು," ಎಂದ. ಇಡೀ ಹಾಲು ಎದ್ದು ಅವನಿಗೆ ಬೆನ್ನು ಹಾಕಿ ನಿಂತಿತು. ಅವನು ಕೂತ. ಹಾಲೂ ಕೂತಿತು. ಮತ್ತೆ ಎದ್ದ. ಹಾಲೂ ಎದ್ದಿತು. ಮೂರನೆಯ ಸಲಕ್ಕೆ ಮಂಡಿನೋವಿನ ಮುದುಕರೊಬ್ಬರು ನರಳಿದ್ದು ಕೇಳಿ, ಪಾಪ ಎನ್ನಿಸಿ ಅವನೇ ಸುಮ್ಮನಾದ.

ಅಷ್ಟರಲ್ಲಿ ಹಲ್ಲಿನ ಡಾಕ್ಟರಮ್ಮ ಬಂದಳು. ಬಾಗಿಲಲ್ಲೇ ಯಾರೋ ಅವಳ ಕಿವಿಯಲ್ಲಿ ಏನೋ ಹೇಳಿದರು. ಅವಳು ನೇರವಾಗಿ ಕಿಟಕಿಯ ಕಡೆ ಬಂದು, ಎರಡು ಮಾರು ದೂರದಲ್ಲಿ ನಿಂತು, ಹೊರಗಿನ ಬೀದಿ ನೋಡುವವಳಂತೆ ಮುಖ ಮಾಡಿಕೊಂಡಳು.

"ನಿಮ್ಮ ಜೊತೆ ಮಾತಾಡೋ ಹಾಗಿಲ್ಲ, ಅದಕ್ಕೆ ಕಿಟಕಿಗೆ ಹೇಳ್ತಿದ್ದೀನಿ," ಎಂದಳು ಮೆಲ್ಲಗೆ. "ಅಂಗಡೀಲಿ ನೀವು ನಮ್ಮವರು ಅಂತ ಹೇಳಲೇ ಇಲ್ಲ. ಯಾಕೆ ಅಂತ ಈಗ ಗೊತ್ತಾಯ್ತು. ಇಂಥ ನಿರ್ಧಾರ ಮಾಡಿದವರು ಹೇಳ್ಕೊಂಡು ತಿರುಗಲ್ಲ."

"ಯಾವ ನಿರ್ಧಾರ ಡಾಕ್ಟ್ರೇ?"

ಡಾಕ್ಟರಮ್ಮ ಕೇಳಿಸದವಳಂತೆ ಕಿಟಕಿಗೆ ಹೇಳುತ್ತಲೇ ಹೋದಳು. "ನಮ್ಮ ಶಿಲುಬೆಯ ಎಡತೋಳು ಗಿಡ್ಡ. ನಮ್ಮ ಮುತ್ತಜ್ಜಿ ಕಾಲದಿಂದ ಹಾಗೇ. ನನ್ನಲ್ಲಿ ಒಂದಿಷ್ಟು ಕೊರತೆ ಇದೆ, ಅದನ್ನ ನೀವು ತುಂಬಬೇಕು, ನೀವಿಲ್ಲದೆ ಆಗಲ್ಲ ಅಂತ ಒಬ್ಬರಿಗೊಬ್ಬರು ಹೇಳೋ ಗುರುತು ಅದು. ತೋಳು ಸಮ ಮಾಡಿಸಿ ಹಾಕ್ಕೊಂಡರೆ ನನಗೆ ಯಾರೂ ಬೇಡ, ಒಂಟಿಯಾಗಿ ಇರ್ತೀನಿ ಅಂತ ವ್ರತ ತೊಟ್ಟ ಹಾಗೆ. ನಾನು ಹುಟ್ಟಿದ ಮೇಲೆ ಯಾರೂ ತೊಟ್ಟಿಲ್ಲ. ಮಧ್ಯಾಹ್ನ ಮೇಷ್ಟ್ರು ಮೂಲೆಮನೆಯವರನ್ನ ಕ್ಷಮಿಸಿದರಂತೆ. ಸಂಜೆ ಹೊತ್ತಿಗೆ ನೀವು ಅಜ್ಜನ ತಪ್ಪಿಗೆ ಪ್ರಾಯಶ್ಚಿತ್ತ ಅಂತ ಇದನ್ನ ಹಾಕ್ಕೊಂಡು ಬಂದಿದ್ದೀರಿ. ಮೇಷ್ಟ್ರು ಆಗಲಿಂದ ಅಳ್ತಿದ್ದಾರೆ."

ಕೊಂಡಿ ಕುರ್ಚಿಯಿಂದ ಎದ್ದು, ಇಡೀ ಹಾಲಿಗೆ ಕೇಳುವಂತೆ ಹೇಳಿದ. "ನಾನು ನಿಮ್ಮವನಲ್ಲ. ಇದು ಹಿತ್ತಾಳೆ. ನಾನೇ ಮಾಡಿದ್ದು. ನನಗೆ ಮೂಲೆಮನೆಯೂ ಗೊತ್ತಿಲ್ಲ, ಹೊಳೆಯೂ ಗೊತ್ತಿಲ್ಲ. ಎಲ್ಲರೂ ಬೇಕು ಅಂತಲೇ ಬಂದವನು ನಾನು."

ಎಲ್ಲರೂ ಎರಡೂ ಕಿವಿ ಮುಚ್ಚಿಕೊಂಡು ನೆಲ ನೋಡುತ್ತಿದ್ದರು.

"ಮೊದಮೊದಲು ಹೀಗೇ ಆಗುತ್ತಂತೆ," ಎಂದಳು ಡಾಕ್ಟರಮ್ಮ ಕಿಟಕಿಗೆ, ಕಿವಿಯಿಂದ ಕೈ ತೆಗೆದು. "ಮನಸ್ಸು ಹಿಂದಕ್ಕೆ ಎಳೆಯುತ್ತೆ. ನಾನು ನಿಮ್ಮವನೇ ಅಲ್ಲ, ಇದು ಚಿನ್ನವೇ ಅಲ್ಲ ಅಂತ ಏನೇನೋ ಹೇಳ್ತಾರಂತೆ. ನನ್ನ ಮುತ್ತಜ್ಜಿಯ ತಮ್ಮ ತಾನು ಹುಟ್ಟೇ ಇಲ್ಲ ಅಂದುಬಿಟ್ಟಿದ್ದನಂತೆ. ಅದನ್ನ ಕೇಳಿಸ್ಕೊಂಡವರಿಗೆ ವ್ರತ ಕೆಡಿಸಿದ ಪಾಪ."

ಕೊಂಡಿ ಕತ್ತಿನ ಹಿಂದಕ್ಕೆ ಎರಡೂ ಕೈ ಹಾಕಿ ಸರದ ಕೊಂಡಿಯನ್ನು ಹುಡುಕಿದ. ಹಾಲಿನಲ್ಲಿ ಯಾರೋ ಹೆಂಗಸು ಬಿಕ್ಕಿದಳು.

"ತೆಗೆಯಬೇಡಿ," ಎಂದಳು ಡಾಕ್ಟರಮ್ಮ. "ವ್ರತದ ಏಳು ವರ್ಷ ತುಂಬೋಕೆ ಮೊದಲೇ ತೆಗೆದರೆ ನಮ್ಮಲ್ಲಿ ಸತ್ತವರ ಲೆಕ್ಕ. ಮೇಷ್ಟ್ರು ಈಗಲೇ ಹೋಗಿ ವಂಶಾವಳಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮೇಲೆ ಗೀಟು ಎಳೆದುಬಿಡ್ತಾರೆ. ಮಧ್ಯಾಹ್ನವಷ್ಟೇ ಬರೆದದ್ದು."

ಕೊಂಡಿಯ ಕೈ ಕತ್ತಿನ ಹಿಂದೆ ನಿಂತಿತು. ತನ್ನ ಹೆಸರು ಒಂದು ಮನೆತನದ ಪುಸ್ತಕದಲ್ಲಿ ಬರೆದಿದೆ ಎಂಬುದು ಅವನಿಗೆ ಆಗಲೇ ಗೊತ್ತಾದದ್ದು. ಇಟ್ಟುಕೊಂಡರೆ ಯಾರೂ ಮಾತಾಡಿಸುವುದಿಲ್ಲ, ತೆಗೆದರೆ ಯಾರೂ ಇರುವುದಿಲ್ಲ. ಅವನು ಕೈ ಕೆಳಗಿಳಿಸಿ ಮತ್ತೆ ಕುರ್ಚಿಯಲ್ಲಿ ಕೂತ. ಡಾಕ್ಟರಮ್ಮ ಕಿಟಕಿಗೆ ನಮಸ್ಕಾರ ಮಾಡಿ, ಹೋಗಿ ಎಲ್ಲರ ಜೊತೆ ಕೂತಳು. ಅವರು ಅವನಿಗೆ ತೊಂದರೆಯಾಗದಂತೆ ಪಿಸುಮಾತಿನಲ್ಲಿ ನಗುತ್ತ, ಪಿಸುಮಾತಿನಲ್ಲಿ ಮಕ್ಕಳ ವಿಷಯ ಹೇಳಿಕೊಳ್ಳುತ್ತ ಕೂತರು. ಕೊಂಡಿ ಗೋಡೆ ನೋಡುತ್ತ ತಿಂಡಿ ತಿಂದ. ತಿಂಡಿ ಬಹಳ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲು ತಿರುಗಿದ, ಅವರೆಲ್ಲ ಏಳತೊಡಗಿದ್ದು ಕಂಡು ಮತ್ತೆ ಗೋಡೆಯ ಕಡೆಗೇ ತಿರುಗಿದ.

ಏಳೂವರೆಗೆ ಸಭೆ ಮುಗಿಯಿತು. ಅವನೊಬ್ಬನನ್ನೇ ಕಳಿಸುವುದು ಹೇಗೆ, ದಾರಿಯಲ್ಲಿ ಯಾರಾದರೂ ಮಾತಾಡಿಸಿಬಿಟ್ಟರೆ? ಅಜ್ಜಿ ಹತ್ತು ಮಾರು ಮುಂದೆ ನಡೆದಳು. ಹೊಳೆಯಾಚೆಯವರೆಲ್ಲ ಮೇಷ್ಟ್ರ ಜೊತೆ ಹತ್ತು ಮಾರು ಹಿಂದೆ ಬಂದರು. ನಡುವೆ ಖಾಲಿ ರಸ್ತೆಯಲ್ಲಿ ಕೊಂಡಿ. ಬಸ್ಸಿಗೆ ಕಾಯುತ್ತಿದ್ದ ಕೌಂಟರಿನ ಅಕ್ಕ ಅವನನ್ನು ಕಂಡು, "ಏನ್ ಮಾಮ, ಇಷ್ಟು ಜನ..." ಎಂದು ಬಾಯಿ ತೆಗೆದಳು. ಅಜ್ಜಿ ತುಟಿಯ ಮೇಲೆ ಬೆರಳಿಟ್ಟು, ಅವಳ ಕಿವಿಯಲ್ಲಿ ಎರಡು ಮಾತು ಹೇಳಿದಳು. ಜೀವಮಾನದಲ್ಲಿ ಮೊದಲ ಸಲ ಕೌಂಟರಿನ ಅಕ್ಕ ತೆಗೆದ ಬಾಯಿಯನ್ನು ಮಾತಾಡದೆ ಮುಚ್ಚಿ, ಪಕ್ಕಕ್ಕೆ ಸರಿದು ತಲೆ ಬಗ್ಗಿಸಿದಳು. ಸೋಮವಾರ ಅಂಗಡಿಯಲ್ಲೂ ಯಾರೂ ಕೊಂಡಿಯನ್ನು ಮಾತಾಡಿಸದ ಹಾಗೆ ತಾನು ಬಂದು ಯಜಮಾನರಿಗೆ ಹೇಳುವುದಾಗಿ ಅಜ್ಜಿ ಅವಳಿಗೆ ಮಾತು ಕೊಟ್ಟಳು.

ಲಾಂಡ್ರಿಯ ಮೇಲಿನ ಮೂರು ಮಹಡಿಯನ್ನೂ ಅವರು ಅವನ ಜೊತೆ ಹತ್ತಿದರು. ಮಂಡಿನೋವಿನ ಮುದುಕರೂ ಹತ್ತಿದರು. ಸದ್ದು ಕೇಳಿ ಎದುರುಮನೆಯ ಹೆಂಗಸು ಬಾಗಿಲು ತೆರೆದಳು.

"ಇನ್ಮೇಲೆ ಈ ಬಾಗಿಲು ತಟ್ಟಬೇಡಿ ತಾಯಿ," ಎಂದಳು ಅಜ್ಜಿ ಅವಳಿಗೆ. "ಅವರಿಗೆ ಯಾರೂ ಬೇಡ."

ಕೊಂಡಿ ಬಾಗಿಲು ಹಾಕಿಕೊಂಡು, ದೀಪ ಹಾಕದೆ, ಅದಕ್ಕೇ ಒರಗಿ ನಿಂತ. ಅವನ ಮನೆಯ ಬಾಗಿಲಿಗೆ ಇಷ್ಟು ಜನ ಬಂದದ್ದು ಅದೇ ಮೊದಲು. ಹೊರಗೆ ಅವರೆಲ್ಲ ಅವನಿಗೆ ಕೇಳಿಸಬಾರದೆಂದು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು, ಒಬ್ಬರ ಹಿಂದೊಬ್ಬರಂತೆ ಬರಿಗಾಲಲ್ಲಿ ಮೆಟ್ಟಿಲಿಳಿಯುತ್ತಿದ್ದರು.